ಕೊನೆಗೆ ಉಳಿಯುವ ಒಂದು ಮಿಲಿಮೀಟರ್

ಕಡೆದು ಮುಗಿಸಿದ ರೆಸಿನ್ ಪೆನ್ನೊಂದನ್ನು ಅಡ್ಡಕ್ಕೆ ಕೊಯ್ದರೆ ನಡುವೆ 7 ಮಿಲಿಮೀಟರ್ ದಪ್ಪದ ಹಿತ್ತಾಳೆ ಕೊಳವೆ ಕಾಣುತ್ತದೆ. ಅದರ ಸುತ್ತ ಬಣ್ಣದ ಒಂದು ಉಂಗುರ. ಅಂಗೈಯಲ್ಲಿಟ್ಟು ತಿರುಗಿಸಿ ನೋಡುವ ನೀಲಿ ಸುಳಿ, ಮುತ್ತಿನ ಹೊಳಪು, ಮರಕ್ಕೂ ರೆಸಿನ್ನಿಗೂ ನಡುವಿನ ಅಂಕುಡೊಂಕು ಗೆರೆ, ಎಲ್ಲ ಇರುವುದು ಆ ಉಂಗುರದಲ್ಲೇ. ಪೆನ್ನಿನ ನಡುಭಾಗದಲ್ಲಿ ಅದರ ದಪ್ಪ ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್. ಲೋಹದ ಮೂತಿ ಬಂದು ಸೇರುವ ತುದಿಯಲ್ಲಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ.

ಇಷ್ಟು ತೆಳುವಾದ ಪದರ ಬಂದದ್ದು ಮುಕ್ಕಾಲು ಇಂಚು ಚೌಕದ, ಐದು ಇಂಚು ಉದ್ದದ ಒಂದು ತುಂಡಿನಿಂದ. ಪೆನ್ನು ಕಡೆಯುವವರ ಬಾಯಲ್ಲಿ ಅದು ಬ್ಲ್ಯಾಂಕ್. ಅಂಥ ಒಂದು ಬ್ಲ್ಯಾಂಕಿಗೆ ಸುಮಾರು 50 ಗ್ರಾಂ ರೆಸಿನ್ ಬೇಕು. ಲೇತ್‌ನಿಂದ ಕೆಳಗಿಳಿಸುವ ಹೊತ್ತಿಗೆ ಅದರಲ್ಲಿ ನಾಲ್ಕೈದು ಗ್ರಾಂ ಉಳಿದರೆ ಹೆಚ್ಚು. ಮಿಕ್ಕದ್ದೆಲ್ಲ ಡ್ರಿಲ್ ಬಿಟ್ಟಿನ ಬಾಯಿಂದ, ಉಳಿಯ ತುದಿಯಿಂದ ಸುರುಳಿಯಾಗಿ ನೆಲ ಸೇರುತ್ತದೆ. ಮನೆಯಲ್ಲೇ ಬ್ಲ್ಯಾಂಕ್ ಎರಕ ಹೊಯ್ಯಲು ಹೊರಟವರು ಮೊದಲು ತಲೆಯಲ್ಲಿಟ್ಟುಕೊಳ್ಳಬೇಕಾದ ಲೆಕ್ಕ ಇದು. ಅಚ್ಚಿನಲ್ಲಿ ಚೆಂದ ಕಂಡದ್ದು ಪೆನ್ನಿನಲ್ಲೂ ಚೆಂದ ಕಾಣಬೇಕೆಂದಿಲ್ಲ. ಯಾವ ರೆಸಿನ್, ಯಾವ ಬಣ್ಣ, ಎಷ್ಟು ಹೊತ್ತು ಕಾಯಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆ ಕೊನೆಯ ಮಿಲಿಮೀಟರ್‌ನಿಂದ ಹಿಂದಕ್ಕೆ ಯೋಚಿಸಿದರೆ ತಾನಾಗಿ ಸಿಗುತ್ತದೆ.

ಪೆನ್ನಿನ ಮೈಗೆ ಏನು ಬಳಸಬೇಕೆಂಬ ಹುಡುಕಾಟ ಹಳೆಯದು. ಮೊದಲಿಗೆ ಗಂಧಕ ಹೆಚ್ಚಾಗಿ ಸೇರಿಸಿ ಗಟ್ಟಿ ಮಾಡಿದ ರಬ್ಬರ್, ಅಂದರೆ ಎಬೊನೈಟ್ ಇತ್ತು. 1935ರಲ್ಲಿ ಗಾಂಧೀಜಿ ಮೆಚ್ಚಿ ಪತ್ರ ಬರೆದ ರಾಜಮಂಡ್ರಿಯ ರತ್ನಂ ಪೆನ್ನುಗಳು ಎಬೊನೈಟ್‌ನವೇ. 1924ರಲ್ಲಿ ಅಮೆರಿಕದ ಶೀಫರ್ ಕಂಪನಿ ಸೆಲ್ಯುಲಾಯ್ಡ್ ಪೆನ್ನು ತಂದ ಮೇಲೆ ಬಣ್ಣಗಳ ಬಾಗಿಲು ತೆರೆಯಿತು. ಇಂಗ್ಲೆಂಡಿನಲ್ಲಿ ಹಾಲಿನ ಕೇಸೀನ್‌ನಿಂದಲೂ ಪೆನ್ನು ಮಾಡಿದರು. ನಮ್ಮ ಚನ್ನಪಟ್ಟಣದವರ ದಾರಿ ಬೇರೆ. ಲೇತ್‌ನಲ್ಲಿ ತಿರುಗುತ್ತಿರುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅರಗು ಕೂಡ ರೆಸಿನ್ನೇ, ಕೀಟ ಕೊಟ್ಟ ರೆಸಿನ್. ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ಬೇಕಲೈಟ್ ಕಂಡುಹಿಡಿದದ್ದು ಈ ಅರಗಿಗೊಂದು ಬದಲಿ ಹುಡುಕುವ ಹಾದಿಯಲ್ಲಿ. ಮೇಲಿನ ತೆಳು ಪದರಕ್ಕೆ ಮಾತ್ರ ಬಣ್ಣ ಸಾಕು ಎಂಬುದು ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಗೊತ್ತು, ಅಷ್ಟನ್ನೇ ಹಚ್ಚುತ್ತಾರೆ. ನಾವು ಐವತ್ತು ಗ್ರಾಂ ಹೊಯ್ದು ನಲವತ್ತೈದು ಗ್ರಾಂ ಹೆರೆದು ಬಿಸಾಡುವವರು. ಜಾಣತನ ಯಾರದೆಂದು ನಾನು ಹೇಳಬೇಕಾಗಿಲ್ಲ.

ಹೊಸಬರ ಮುಂದೆ ಮೂರು ಬಗೆಯ ರೆಸಿನ್‌ಗಳಿವೆ. ಫೈಬರ್ ಗ್ಲಾಸ್ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುವ ಪಾಲಿಯೆಸ್ಟರ್ ಅಗ್ಗ. ಗಟ್ಟಿಯಾದ ಮೇಲೆ ಗಾಜಿನಂತೆ ಹೊಳೆಯುತ್ತದೆ, ಆದರೆ ಸುಲಭವಾಗಿ ಸಿಡಿಯುತ್ತದೆ. ಸ್ಟೈರೀನ್ ವಾಸನೆಯಂತೂ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುವಷ್ಟು. ಅದಕ್ಕಿಂತ ದೊಡ್ಡ ಅಪಾಯ ಜೊತೆಗೆ ಕೊಡುವ ಎರಡು ಪುಟ್ಟ ಬಾಟಲಿಗಳಲ್ಲಿದೆ. ಒಂದು ಕೋಬಾಲ್ಟ್, ಇನ್ನೊಂದು ಎಂಇಕೆಪಿ ಎಂಬ ಪೆರಾಕ್ಸೈಡ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತಬಹುದು, ಸ್ಫೋಟಿಸಲೂಬಹುದು. ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಎಂಇಕೆಪಿಯ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಅಂಗಡಿಯವರು ಇದನ್ನೆಲ್ಲ ಹೇಳಿಯೇ ಕೊಡುತ್ತಾರೆಂದು ನಂಬಿ ಕೂರಬೇಡಿ.

ಎರಡನೆಯದು ಪಾಲಿಯುರೆಥೇನ್. ಅಮೆರಿಕದ ಪೆನ್ ಕಡೆಯುವವರಿಗೆ ಇದರ ಮೇಲೆ ಬಹಳ ಪ್ರೀತಿ. ಬೆರೆಸಿದ ಹತ್ತು ಹನ್ನೆರಡು ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ, ಗಟ್ಟಿಮುಟ್ಟಾಗಿರುತ್ತದೆ, ಉಳಿಗೆ ಸಲೀಸಾಗಿ ಒಗ್ಗುತ್ತದೆ. ಆದರೆ ನೀರಿನ ಪಸೆ ತಾಗಿದರೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ನೊರೆ ನೊರೆಯಾಗಿ ಉಬ್ಬುತ್ತದೆ. ಜುಲೈ ತಿಂಗಳಲ್ಲಿ ಸಾಗರದಲ್ಲೋ ಮಡಿಕೇರಿಯಲ್ಲೋ ಕುಳಿತವರು ಇದರ ತಂಟೆಗೆ ಹೋಗದಿರುವುದೇ ಲೇಸು.

ಮೂರನೆಯದು ಎಪಾಕ್ಸಿ. ಮೊದಲ ಬಾರಿ ಹೊಯ್ಯುವವರಿಗೆ ನನ್ನ ಮತ ಇದಕ್ಕೇ. ನಿಧಾನ, ವಾಸನೆ ಕಡಿಮೆ, ಕಲಸಿ ಯೋಚಿಸಿ ಹೊಯ್ಯುವಷ್ಟು ಬಿಡುವು ಕೊಡುತ್ತದೆ. ಆದರೆ ಎಪಾಕ್ಸಿಯಲ್ಲೂ ಜಾತಿಗಳಿವೆ. ಅಂಗಡಿಗೆ ಹೋದರೆ ‘ಟೇಬಲ್‌ಗಾ ಸಾರ್, ಫೋಟೊ ಫ್ರೇಮಿಗಾ?’ ಎಂದು ಕೇಳುತ್ತಾರೆ. ಪೆನ್ನಿಗೆ ಅಂದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಮೇಜಿನ ಮೇಲೆ ಲೇಪಿಸುವ ರೆಸಿನ್ ಮಂದವಾಗಿರುತ್ತದೆ, ಬೇಗ ಬಿಸಿಯೇರುತ್ತದೆ, ಗುಳ್ಳೆ ಮೇಲೆ ಬರಲು ಬಿಡುವುದಿಲ್ಲ. ಎರಕಕ್ಕೆ ಬೇಕಾದದ್ದು ತೆಳ್ಳಗಿರುವ, ನಿಧಾನವಾಗಿ ಕೂಡುವ, ‘ಕ್ಯಾಸ್ಟಿಂಗ್’ ಅಥವಾ ‘ಡೀಪ್ ಪೋರ್’ ಎಂದು ಬರೆದಿರುವ ಡಬ್ಬಿ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ ಪ್ರಾಜೆಕ್ಟಿಗೆಂದು ಬಳಸುವ ಎಲ್‌ವೈ 556 ರೆಸಿನ್, ಎಚ್‌ವೈ 951 ಹಾರ್ಡನರ್ ಜೋಡಿ ಮನೆಯ ವಿದ್ಯಾರ್ಥಿಯ ಕೈಯಲ್ಲಿ ಉಳಿದಿದ್ದರೆ ಅದರಲ್ಲೂ ಹೊಯ್ದು ನೋಡಬಹುದು. ಅದರ ಪ್ರಮಾಣ ತೂಕದಲ್ಲಿ ಹತ್ತಕ್ಕೆ ಒಂದು. ಬಿಸಿ ಜೋರು, ಆದ್ದರಿಂದ ಒಂದು ಬಾರಿಗೆ ಒಂದೇ ಬ್ಲ್ಯಾಂಕ್.

ಅಚ್ಚಿಗೆ ತುಂಬಾ ಖರ್ಚು ಮಾಡಬೇಕಿಲ್ಲ. ಪಾಲಿಥೀನ್, ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಅಂಟುವುದಿಲ್ಲ. ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆಯನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು ಸ್ಕ್ರೂ ಹಾಕಿ ಉದ್ದನೆಯ ಪೆಟ್ಟಿಗೆ ಮಾಡಿದರೆ ಅಚ್ಚು ಸಿದ್ಧ. ಸಂದುಗಳಿಗೆ ಗ್ಲೂ ಗನ್ನಿನಿಂದ ಅಂಟು ಎಳೆಯಿರಿ. ತೆಳ್ಳನೆಯ ರೆಸಿನ್ ಹುಡುಕಿ ಹುಡುಕಿ ಸೋರುತ್ತದೆ, ನೀರು ನಿಂತರೆ ರೆಸಿನ್ ನಿಂತೀತು ಅಂದುಕೊಳ್ಳಬೇಡಿ. ಸಿಲಿಕೋನ್ ಅಚ್ಚು ಕೊಂಡರೆ ಬಿಡಿಸುವುದು ಸುಲಭ, ಅಷ್ಟೇ.

ತಕ್ಕಡಿಗೆ ಮಾತ್ರ ಜಿಪುಣತನ ಬೇಡ. 0.1 ಗ್ರಾಂ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಇಲ್ಲದೆ ಎಪಾಕ್ಸಿಯ ಮುಚ್ಚಳ ತೆಗೆಯಬೇಡಿ. ಹಾರ್ಡನರ್ ಇಲ್ಲಿ ಉಪ್ಪು ಖಾರದಂತೆ ರುಚಿಗೆ ತಕ್ಕಷ್ಟು ಹಾಕುವ ಪದಾರ್ಥವಲ್ಲ. ರೆಸಿನ್ನಿನ ಅಣುಗಳ ಜೊತೆ ಅದು ಲೆಕ್ಕವಿಟ್ಟು ಕೈ ಕೂಡಿಸುತ್ತದೆ. ಹೆಚ್ಚು ಹಾಕಿದರೆ ಬೇಗ ಗಟ್ಟಿಯಾದೀತು ಎಂಬ ನಂಬಿಕೆ ತಪ್ಪು, ಜೋಡಿ ಸಿಗದ ಹಾರ್ಡನರ್ ಒಳಗೇ ಉಳಿದು ಬ್ಲ್ಯಾಂಕ್ ಎಂದೆಂದಿಗೂ ಮೆತ್ತಗೇ ಇರುತ್ತದೆ. ಇನ್ನೊಂದು ಮೋಸ ಡಬ್ಬಿಯ ಮೇಲಿನ ಪ್ರಮಾಣದಲ್ಲಿದೆ. ಎರಡಕ್ಕೆ ಒಂದು ಎಂದು ಬರೆದಿದ್ದರೆ ಅದು ಅಳತೆಯ ಲೆಕ್ಕವೋ ತೂಕದ ಲೆಕ್ಕವೋ ನೋಡಿಕೊಳ್ಳಿ. ಹಾರ್ಡನರ್ ಸಾಮಾನ್ಯವಾಗಿ ರೆಸಿನ್ನಿಗಿಂತ ಹಗುರ. ಅಳತೆಯಲ್ಲಿ ಎರಡಕ್ಕೆ ಒಂದು ಇದ್ದದ್ದು ತೂಕದಲ್ಲಿ ನೂರಕ್ಕೆ ಐವತ್ತು ಆಗದೆ ನಲವತ್ನಾಲ್ಕರ ಆಸುಪಾಸಿಗೆ ಇಳಿಯಬಹುದು. ತೂಕದ ಪ್ರಮಾಣ ಡಬ್ಬಿಯ ಮೇಲೆ ಇಲ್ಲದಿದ್ದರೆ ಗೆರೆ ಇರುವ ಲೋಟದಲ್ಲಿ ಅಳೆಯಿರಿ, ತಕ್ಕಡಿಯಲ್ಲಿ ಊಹೆ ಮಾಡಬೇಡಿ.

ಕಲಸುವುದು ನಾಲ್ಕೈದು ನಿಮಿಷ, ನಿಧಾನವಾಗಿ. ಮಜ್ಜಿಗೆ ಕಡೆದ ಹಾಗೆ ಕಡೆದರೆ ಗಾಳಿ ಸೇರುತ್ತದೆ. ಲೋಟದ ಗೋಡೆಗೂ ತಳಕ್ಕೂ ಹತ್ತಿಕೊಂಡ ರೆಸಿನ್ ಕಡ್ಡಿಗೆ ಸಿಗದೆ ಹಸಿಯಾಗಿಯೇ ಉಳಿಯುತ್ತದೆ. ಹಾಗಾಗಿ ಒಮ್ಮೆ ಕಲಸಿದ್ದನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ ಮತ್ತೆ ಕಲಸಬೇಕು, ಮೊದಲ ಲೋಟವನ್ನು ಕೆರೆಯಲು ಹೋಗಬಾರದು. ಗಟ್ಟಿಯಾದ ಬ್ಲ್ಯಾಂಕಿನಲ್ಲಿ ಅಲ್ಲಲ್ಲಿ ಅಂಟಂಟು ಚುಕ್ಕೆ ಕಂಡರೆ ಬಹುಪಾಲು ಲೋಟದ ತಳ ಕೆರೆದು ಹಾಕಿದ್ದೇ ಕಾರಣ.

ಈಗ ಬಣ್ಣ. ಹೊಸಬರೆಲ್ಲ ಇಲ್ಲಿಂದಲೇ ಶುರು ಮಾಡುತ್ತಾರೆ. ಹೊಳಪಿನ ಪುಡಿ ಎಂದು ಮಾರುವುದು ಅಭ್ರಕದ ಸಣ್ಣ ಸಣ್ಣ ಹಾಳೆಗಳು, ಮೇಲೆ ಟೈಟಾನಿಯಂ ಡೈಆಕ್ಸೈಡ್ ಅಥವಾ ಕಬ್ಬಿಣದ ಆಕ್ಸೈಡ್ ಲೇಪ. ರೆಸಿನ್ ಹರಿಯುವಾಗ ಈ ಹಾಳೆಗಳು ಹರಿವಿನ ದಿಕ್ಕಿಗೆ ಮಲಗುತ್ತವೆ. ಪೆನ್ನು ತಿರುಗಿಸಿದಾಗ ಒಂದು ಗೆರೆ ಬೆಳಗಿ ಪಕ್ಕದ್ದು ಕಪ್ಪಾಗುವ ರೇಷ್ಮೆಯಂಥ ಮಿಂಚು ಬರುವುದು ಇದರಿಂದ. ಅಂದರೆ ಚೆಲುವು ಪುಡಿಯಲ್ಲಿ ಅರ್ಧ, ಹೊಯ್ಯುವ ಕೈಯಲ್ಲಿ ಅರ್ಧ. ಅಭ್ರಕ ರೆಸಿನ್ನಿಗಿಂತ ಎರಡೂವರೆ ಪಟ್ಟು ಭಾರ. ರೆಸಿನ್ ನೀರಿನಂತೆ ತೆಳುವಾಗಿರುವಾಗಲೇ ಹೊಯ್ದು ಮಲಗಲು ಹೋದರೆ ಬೆಳಗಾಗುವಾಗ ಪುಡಿಯೆಲ್ಲ ತಳದಲ್ಲಿ, ಮೇಲೆ ಬರೀ ಸ್ವಚ್ಛ ರೆಸಿನ್. ಅದು ಕೊಂಚ ಮಂದವಾಗಿ, ಕಡ್ಡಿ ಎತ್ತಿದರೆ ಜೇನಿನಂತೆ ಎಳೆ ಬಿಡುವವರೆಗೆ ಕಾಯಬೇಕು. ಎರಡು ಬಣ್ಣಗಳು ಒಂದರೊಳಗೊಂದು ಕರಗಿ ಕೆಸರಿನ ಬಣ್ಣಕ್ಕೆ ತಿರುಗುವುದಕ್ಕೂ ಮದ್ದು ಇದೇ. ಪುಡಿಯ ಪ್ರಮಾಣ ಶೇ 5 ದಾಟದಿರಲಿ. ಮಕ್ಕಳ ವಾಟರ್ ಕಲರ್, ಅಕ್ರಿಲಿಕ್ ಬಣ್ಣಗಳಲ್ಲಿ ನೀರಿರುತ್ತದೆ, ಹೆಚ್ಚಾದರೆ ರೆಸಿನ್ ಸರಿಯಾಗಿ ಕೂಡುವುದಿಲ್ಲ.

ಅಚ್ಚಿನಲ್ಲಿ ಹೊಯ್ದ ಮೇಲೆ ಕಡ್ಡಿಯಿಂದ ಮೇಲ್ಮೈಯಲ್ಲಿ ನವಿಲುಗರಿ ಬಿಡಿಸುವ ಆಸೆ ಎಲ್ಲರಿಗೂ. ಫೋಟೊ ತೆಗೆಯಲು ಅದು ಸೊಗಸು. ಲೇತ್ ಮೇಲೆ ಉಳಿಯ ಮೊದಲ ಓಟದಲ್ಲೇ ಆ ನವಿಲುಗರಿ ಮಾಯ. ಬ್ಲ್ಯಾಂಕಿನ ನಾಲ್ಕು ಮೂಲೆಗಳು ಹೋಗುತ್ತವೆ, ಮೇಲ್ಮೈಯಿಂದ ನಾಲ್ಕೈದು ಮಿಲಿಮೀಟರ್ ಹೋಗುತ್ತದೆ, ನಟ್ಟನಡುವಿನ 7 ಮಿಲಿಮೀಟರ್ ಡ್ರಿಲ್ಲಿಗೆ ಹೋಗುತ್ತದೆ. ಉಳಿಯುವ ಉಂಗುರದಲ್ಲಿ ಬಣ್ಣ ಆಡಬೇಕಾದರೆ ಲೋಟದಲ್ಲೇ ಬಣ್ಣಗಳನ್ನು ಒಂದೆರಡು ಸುತ್ತು ತಿರುವಿ, ಅಚ್ಚಿನ ಉದ್ದಕ್ಕೂ ಅತ್ತಿತ್ತ ಓಡಾಡಿಸುತ್ತ ಹೊಯ್ಯಬೇಕು, ಕಡ್ಡಿಯನ್ನು ತಳದವರೆಗೆ ಇಳಿಸಿ ಎಳೆಯಬೇಕು. ಅಗಲವಾದ ಪಟ್ಟೆಗಳು ಪೆನ್ನಿನಲ್ಲಿ ಒಂದೇ ಬಣ್ಣದಂತೆ ಕಾಣುತ್ತವೆ, ಸಣ್ಣ ಎಳೆಗಳೇ ಗೆಲ್ಲುತ್ತವೆ.

ಮರದ ಚೂರನ್ನು ರೆಸಿನ್ನಿನಲ್ಲಿ ಸೇರಿಸುವ ಬ್ಲ್ಯಾಂಕ್‌ಗಳಿಗೂ ಇದೇ ನಿಯಮ. ಬೀಟೆ, ಹಲಸು, ಕಾಫಿ ಗಿಡದ ಗಂಟು, ಬಡಗಿಯ ಅಂಗಳದಲ್ಲಿ ಬಿದ್ದ ಯಾವ ಚೂರಾದರೂ ಆದೀತು. ಆದರೆ ಅದರ ಒರಟು ಅಂಚು ಬ್ಲ್ಯಾಂಕಿನ ನಡು ಅಕ್ಷದ ಹತ್ತಿರ ಹಾದು ಹೋಗುವಂತೆ ಇಡಬೇಕು, ಮೂಲೆಗೆ ಒತ್ತಿದರೆ ದಂಡ. ಅಮೆರಿಕದ ಹವ್ಯಾಸಿಗಳು ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡನ್ನೇ ರೆಸಿನ್ನಿನಲ್ಲಿ ಮುಳುಗಿಸಿ ಕಡೆಯುತ್ತಾರೆ. ಕಾಳು ಕೂತಿದ್ದ ಗುಳಿಗಳಲ್ಲಿ ಬಣ್ಣ ನಿಂತು ಅಂಥ ಪೆನ್ನು ಜೇನುಗೂಡಿನ ಹಾಗೆ ಕಾಣುತ್ತದೆ. ದಾವಣಗೆರೆ, ಹಾವೇರಿ ಕಡೆ ಒಲೆಗೆ ಹಾಕುವ ದಿಂಡಿಗೆ ಬೇರೊಂದು ಬಾಳು. ಇದಕ್ಕೆ ತೆಳ್ಳನೆಯ ಪೆನ್ನು ಆಗದು, ದಪ್ಪ ಪೆನ್ನಿನ ಕಿಟ್ (ಕೊಳವೆ, ಲೋಹದ ಮೂತಿ ಇತ್ಯಾದಿ ಬಿಡಿಭಾಗಗಳ ಜೋಡಿ) ಬೇಕು. ಮರವಾಗಲಿ ದಿಂಡಾಗಲಿ ಪೂರ್ತಿ ಒಣಗಿರಬೇಕು. ಒಣಗಿದೆ ಎಂದು ಬೆರಳಿಗೆ ಗೊತ್ತಾಗುವುದಿಲ್ಲ. 100 ಡಿಗ್ರಿ ಒಲೆಯಲ್ಲಿಟ್ಟು ಗಂಟೆಗೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಒಣಗಿತು ಅನ್ನಿ. ಆರಿದ ಮೇಲೆ ತೆಳ್ಳಗೆ ಒಂದು ಲೇಪ ರೆಸಿನ್ ಬಳಿದು ಗಟ್ಟಿಯಾಗಲು ಬಿಟ್ಟು ಆಮೇಲೆ ಎರಕ ಹೊಯ್ದರೆ ಮರದ ರಂಧ್ರಗಳಿಂದ ಗುಳ್ಳೆ ಏಳುವುದು ತಗ್ಗುತ್ತದೆ.

ಗುಳ್ಳೆ ಎಂದರೆ ಎಲ್ಲರಿಗೂ ದಿಗಿಲು. ಕಲಸುವ ಮೊದಲು ರೆಸಿನ್ ಬಾಟಲಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ ತೆಳುವಾಗಿಸಿ, ಎತ್ತರದಿಂದ ನೂಲಿನಂತೆ ಹೊಯ್ದರೆ ಬಹಳಷ್ಟು ಗುಳ್ಳೆ ದಾರಿಯಲ್ಲೇ ಒಡೆಯುತ್ತವೆ. ಹಾಟ್ ಏರ್ ಗನ್ ಮೇಲ್ಮೈಯ ಗುಳ್ಳೆಗಷ್ಟೇ ಮದ್ದು, ಆ ಮೇಲ್ಮೈ ಹೇಗೂ ಕಸವಾಗುವುದರಿಂದ ಅದಕ್ಕಾಗಿ ಒದ್ದಾಡುವುದೂ ವ್ಯರ್ಥ. ನುರಿತವರು ಪ್ರೆಶರ್ ಪಾಟ್ ಬಳಸುತ್ತಾರೆ. 45 ಪಿಎಸ್‌ಐ ಗಾಳಿ ತುಂಬಿದರೆ ಒಳಗಿನ ಒತ್ತಡ ಹೊರಗಿನದರ ನಾಲ್ಕು ಪಟ್ಟಾಗುತ್ತದೆ, ಗುಳ್ಳೆಯ ಗಾತ್ರ ಕಾಲುಭಾಗಕ್ಕೆ ಕುಗ್ಗುತ್ತದೆ. ಗಾಳಿ ಎಲ್ಲಿಗೂ ಹೋಗಿರುವುದಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿರುತ್ತದೆ ಅಷ್ಟೇ. ರೆಸಿನ್ ಗಟ್ಟಿಯಾಗುವವರೆಗೂ ಒತ್ತಡ ಹಾಗೇ ಇರಬೇಕು.

ಇಲ್ಲೊಂದು ಎಚ್ಚರಿಕೆ. ಅಡುಗೆಮನೆಯ ಕುಕ್ಕರ್ ಇದಕ್ಕೆ ಆಗದು. ಅದು ಕೆಲಸ ಮಾಡುವುದು ಸುಮಾರು 15 ಪಿಎಸ್‌ಐನಲ್ಲಿ. ಅದಕ್ಕೆ ಕಂಪ್ರೆಸರ್ ಪೈಪು ಜೋಡಿಸಿ 45 ತುಂಬಿಸುವುದು ಮನೆಯೊಳಗೆ ಬಾಂಬ್ ಇಟ್ಟುಕೊಂಡಂತೆ. ಹೊಸಬರಿಗೆ ಪ್ರೆಶರ್ ಪಾಟ್ ಬೇಕಾಗಿಯೂ ಇಲ್ಲ. ಬಣ್ಣ ದಟ್ಟವಾಗಿದ್ದರೆ ಒಳಗಿನ ಗುಳ್ಳೆ ಕಾಣುವುದಿಲ್ಲ. ಕಡೆಯುವಾಗ ಮೇಲ್ಮೈಗೆ ಬಂದ ಒಂದೆರಡು ಗುಳಿಗೆ ಸೂಪರ್ ಗ್ಲೂ ತುಂಬಿ ಉಜ್ಜಿದರೆ ಮುಗಿಯಿತು. ಗಾಜಿನಂಥ ಪಾರದರ್ಶಕ ಬ್ಲ್ಯಾಂಕ್ ಹೊಯ್ಯುವ ಹಟ ಇದ್ದವರಿಗೆ ಮಾತ್ರ ಆ ಖರ್ಚು.

ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಬೇಗ ಗಟ್ಟಿಯಾಗುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ಇಮ್ಮಡಿ. ಡಿಸೆಂಬರಿನ ಬೆಂಗಳೂರಿನಲ್ಲಿ ಸಿಗುವ ಬಿಡುವು ಏಪ್ರಿಲ್‌ನ ರಾಯಚೂರಿನಲ್ಲಿ ಸಿಗದು. ಅಚ್ಚಿನ ತೆಳು ತುಂಡಿನಿಂದ ಬಿಸಿ ಹೊರಗೆ ಹೋಗುತ್ತದೆ. ಲೋಟದಲ್ಲಿ ಉಳಿಸಿಟ್ಟ ಮುದ್ದೆಯಿಂದ ಹೋಗುವುದಿಲ್ಲ, ಅದು ಹೊಗೆಯಾಡಿ ಪ್ಲಾಸ್ಟಿಕ್ ಲೋಟವನ್ನೇ ಕರಗಿಸಬಹುದು. ಉಳಿದದ್ದನ್ನು ಹಳೆಯ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬಿಡಿ. ಮಳೆಗಾಲದಲ್ಲಿ ಗಟ್ಟಿಯಾದ ಬ್ಲ್ಯಾಂಕಿನ ಮೇಲೆ ಮೇಣದಂಥ ಜಿಡ್ಡು ಬರುವುದುಂಟು. ಹಾರ್ಡನರ್ ಗಾಳಿಯ ತೇವಕ್ಕೆ ಸಿಕ್ಕಿ ಆದದ್ದು ಅದು, ಸೋಪು ನೀರಿನಲ್ಲಿ ತೊಳೆದರೆ ಹೋಗುತ್ತದೆ.

ಇಪ್ಪತ್ತನಾಲ್ಕು ಗಂಟೆಗೆ ಅಚ್ಚಿನಿಂದ ಬಿಡಿಸಬಹುದು, ಆದರೆ ಕಡೆಯಬಾರದು. ಮೂರು ದಿನ ಕಡಿಮೆ, ವಾರ ಬಿಟ್ಟರೆ ಒಳ್ಳೆಯದು. ಹಸಿ ಬ್ಲ್ಯಾಂಕಿಗೆ ಡ್ರಿಲ್ ಹಾಕಿದರೆ ಬಿಸಿಗೆ ಅದು ಅಂಟಾಗಿ ಬಿಟ್ಟನ್ನು ಹಿಡಿದುಕೊಳ್ಳುತ್ತದೆ. ಡ್ರಿಲ್ ನಿಧಾನವಾಗಿರಲಿ, ಪ್ರತಿ ಸೆಂಟಿಮೀಟರಿಗೆ ಬಿಟ್ಟನ್ನು ಹೊರಗೆಳೆದು ಪುಡಿ ಕೊಡವಿ. ಬಿಟ್ ಆಚೆ ಬದಿಗೆ ಹೊರಬೀಳುವಾಗ ತುದಿ ಸಿಡಿಯುವುದುಂಟು, ಅದಕ್ಕೇ ಬ್ಲ್ಯಾಂಕನ್ನು ಕೊಂಚ ಉದ್ದವೇ ಇಟ್ಟು ಆಮೇಲೆ ಸಿಡಿದ ತುದಿ ಕತ್ತರಿಸುತ್ತಾರೆ.

ಹಿತ್ತಾಳೆ ಕೊಳವೆಯನ್ನು ಅಂಟಿಸುವ ಮುಂಚೆ ಮಾಡಬೇಕಾದ ಒಂದು ಕೆಲಸವನ್ನು ಹೊಸಬರು ಮರೆಯುತ್ತಾರೆ. ಬಣ್ಣ ತೀರ ದಟ್ಟವಾಗಿಲ್ಲದಿದ್ದರೆ ಒಂದು ಮಿಲಿಮೀಟರ್ ರೆಸಿನ್ ಬೆಳಕಿಗೆ ಪರದೆಯಾಗುವುದಿಲ್ಲ. ಒಳಗಿನ ಹಿತ್ತಾಳೆ, ಅದರ ಮೇಲಿನ ಅಂಟಿನ ಕಲೆ, ಅಂಟು ಸೇರದ ಜಾಗ ಎಲ್ಲ ಹೊರಗೆ ಕಾಣುತ್ತವೆ. ನೀಲಿ ಬ್ಲ್ಯಾಂಕ್ ಹಿತ್ತಾಳೆಯ ಹಳದಿ ಬೆರೆತು ಹಸಿರುಗಟ್ಟುತ್ತದೆ. ಕೊಳವೆಯನ್ನು ಸ್ಯಾಂಡ್ ಪೇಪರಿನಿಂದ ತರಚಿ ಬಣ್ಣ ಬಳಿಯಬೇಕು, ಸಾಧ್ಯವಾದರೆ ಬ್ಲ್ಯಾಂಕಿನ ತೂತಿನ ಒಳಗೋಡೆಗೂ. ಒಳಗೆ ಕಪ್ಪು ಬಳಿದರೆ ಹೊರಗಿನ ಬಣ್ಣ ಆಳವಾಗಿ ಕಾಣುತ್ತದೆ, ಬಿಳಿ ಬಳಿದರೆ ಅದೇ ಬಣ್ಣ ಬೆಳಗುತ್ತದೆ. ಒಂದೇ ಲೋಟದ ಎರಕದಿಂದ ಎರಡು ಬೇರೆ ಪೆನ್ನು.

ಉಳಿ ಹರಿತವಾಗಿದ್ದರೆ ಎಪಾಕ್ಸಿ ಉದ್ದುದ್ದ ರಿಬ್ಬನ್ನಿನಂತೆ ಸುಲಿದು ಬರುತ್ತದೆ, ನಿಮಿಷದಲ್ಲಿ ಬ್ಲ್ಯಾಂಕೇ ಕಾಣದ ಹಾಗೆ ಸುತ್ತಿಕೊಳ್ಳುತ್ತದೆ. ಲೇತ್ ನಿಲ್ಲಿಸಿಯೇ ಬಿಡಿಸಿ, ತಿರುಗುವಾಗ ಬೆರಳು ಹಾಕಬೇಡಿ. ಟಕಟಕ ಸದ್ದು ಮಾಡಿ ಬಿಳಿ ಚೂರು ಹಾರಿದರೆ ಉಳಿ ಮಸೆಯುವ ಹೊತ್ತು ಬಂತೆಂದು ಅರ್ಥ. ಆಮೇಲೆ ನೀರು ಹಚ್ಚಿ 400ರಿಂದ 2000ದವರೆಗೆ ವಾಟರ್ ಪೇಪರ್, ಕೊನೆಗೆ ಕಾರಿಗೆ ಹಾಕುವ ಪಾಲಿಶ್.

ಕೈಗೆ ನೈಟ್ರೈಲ್ ಗ್ಲೌಸ್ ಕಡ್ಡಾಯ. ಎಪಾಕ್ಸಿ, ಅದರಲ್ಲೂ ಹಾರ್ಡನರ್, ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟುತ್ತದೆ. ಒಮ್ಮೆ ಬಂದ ಅಲರ್ಜಿ ಜೀವಮಾನವಿಡೀ ಬಿಡದು, ಹವ್ಯಾಸವನ್ನೇ ಬಿಡಬೇಕಾಗುತ್ತದೆ. ಕಡೆಯುವಾಗ ಕಣ್ಣಿಗೆ ಕನ್ನಡಕ, ಉಜ್ಜುವಾಗ ಮೂಗಿಗೆ ಎನ್95. ಹೊಯ್ಯುವ ಕೋಣೆಯ ಕಿಟಕಿ ತೆರೆದಿರಲಿ, ಅದು ಅಡುಗೆಮನೆಯಂತೂ ಆಗದಿರಲಿ. ಲೇತ್ ಕೆಳಗೆ ಬಿದ್ದ ಸುರುಳಿಗಳು ಮಣ್ಣಲ್ಲಿ ಕರಗುವ ಪದಾರ್ಥವಲ್ಲ, ಗಿಡದ ಬುಡಕ್ಕೆ ಸುರಿಯಬೇಡಿ, ಸುಡಲೂಬೇಡಿ. ಒಣಕಸದ ಚೀಲಕ್ಕೆ ಹಾಕಿ.

ಇಷ್ಟೆಲ್ಲ ಮಾಡಿದರೆ ದುಡ್ಡು ಉಳಿಯುತ್ತದೆಯೇ? ಇಲ್ಲ. ಮನೆಯ ಮೊದಲ ಬ್ಲ್ಯಾಂಕಿಗೆ ತಗಲುವ ಖರ್ಚಿನಲ್ಲಿ ಸಿದ್ಧ ಬ್ಲ್ಯಾಂಕ್‌ಗಳನ್ನು ರಾಶಿಯಾಗಿ ಕೊಳ್ಳಬಹುದು. ಬರೀ ಪೆನ್ನು ಬೇಕಾದವರು ಹಾಗೇ ಕೊಳ್ಳಲಿ. ಬಣ್ಣ ತನ್ನದೇ ಆಗಬೇಕು, ಊರಿನ ಮರದ ಚೂರು ಒಳಗಿರಬೇಕು ಅನ್ನುವವರು ಮಾತ್ರ ಎರಕಕ್ಕೆ ಕೈ ಹಾಕಲಿ. ಅಂಥವರಲ್ಲಿ ಒಂದೇ ವಿನಂತಿ. ಮೊದಲ ಬ್ಲ್ಯಾಂಕ್ ಒಂದೇ ದಟ್ಟ ಬಣ್ಣದ್ದಾಗಿರಲಿ, ಸುಳಿ ಪಟ್ಟೆ ಏನೂ ಬೇಡ. ಅದರ ತುದಿಯಲ್ಲಿ ಮಾರ್ಕರ್ ಪೆನ್ನಿನಿಂದ ತಾರೀಕು, ತೂಕದ ಪ್ರಮಾಣ, ಆ ದಿನದ ಉಷ್ಣಾಂಶ ಬರೆದು, ಕಡೆಯುವ ಮೊದಲು ಅದನ್ನು ನೋಟ್‌ಬುಕ್ಕಿಗೂ ಇಳಿಸಿಕೊಳ್ಳಿ. ಆ ಬ್ಲ್ಯಾಂಕ್ ಗಟ್ಟಿಯಾಗಿ, ಡ್ರಿಲ್ಲಿಗೆ ಒಡೆಯದೆ, ಉಳಿಗೆ ರಿಬ್ಬನ್ ಬಿಟ್ಟರೆ ಎರಡನೆಯದಕ್ಕೆ ಎರಡು ಬಣ್ಣ ಹಾಕಿ.